ಮೇಲಿನ ಒಡ್ಡು ಒಡೆದ ವರ್ಷ

ಹೋದ ಶ್ರಾವಣದಲ್ಲಿ ಹಾನಗಲ್ಲ ಬಸ್‌ಸ್ಟ್ಯಾಂಡಿನಲ್ಲಿ ಮೊಮ್ಮಗಳ ಜೊತೆ ಬಂಕಾಪುರದ ಬಸ್ಸಿಗೆ ಕಾಯುತ್ತ ಕುಳಿತಿದ್ದೆ. ಮಳೆ ಜೋರಾಯಿತು. ಕುರಿ ಕಾಯುವ ಮುದುಕನೊಬ್ಬ ಓಡಿಬಂದು ನನ್ನ ಪಕ್ಕದಲ್ಲೇ ನಿಂತು, ಹೊದ್ದಿದ್ದ ಕಂಬಳಿಯನ್ನು ಒದರಿದ. ತೊಯ್ದ ಉಣ್ಣೆಯ ವಾಸನೆ ಮೂಗಿಗೆ ಬಡಿಯಿತು. "ಅಜ್ಜಿ, ಯಾಕ ಮುಷ್ಟಿ ಬಿಗಿ ಹಿಡದಿ?" ಎಂದು ಮೊಮ್ಮಗಳು ಕೇಳಿದಾಗಲೇ ನೋಡಿಕೊಂಡೆ, ಉಗುರು ಅಂಗೈಗೆ ಇಳಿದಿದ್ದವು. ಇಷ್ಟು ವರ್ಷವಾದರೂ ಆ ವಾಸನೆ ಬಂದರೆ ನನ್ನ ಕೈ ತಾನಾಗಿಯೇ ಮಣ್ಣು ಕೆದರಲು ಹೊರಡುತ್ತದೆ.

ನನ್ನ ತವರು ಮಾಸೂರು. ಮದಗದ ಕೆರೆಯ ಕೆಳಗೆ ಕಣ್ಣು ಹರಿಯುವ ತನಕ ಚಪ್ಪಟೆ ಗದ್ದೆ. ನಾನು ತೊಟ್ಟಿಲಲ್ಲಿದ್ದಾಗಲೇ ಅಪ್ಪ ತೀರಿಕೊಂಡಿದ್ದ. ಅವ್ವ ಆ ಗದ್ದೆಗಳಲ್ಲಿ ಕೂಲಿ ಮಾಡಿ ಅಣ್ಣ ಈರಣ್ಣನನ್ನೂ ನನ್ನನ್ನೂ ಬೆಳೆಸಿದಳು. ಅಣ್ಣ ಗರಡಿ ಮನೆ ಸೇರಿ ಪೈಲ್ವಾನನಾದ. ನಾನು ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದೆ. ಪಾಸಾದ ವರ್ಷವೇ ಹಾನಗಲ್ಲ ಸೀಮೆಯ ಗುಡ್ಡದ ಮೇಲಿನ ಕಲ್ಲಮಟ್ಟಿ ಎಂಬ ಸಣ್ಣ ಊರಿಗೆ ನನ್ನನ್ನು ಕೊಟ್ಟರು. ನಮ್ಮ ಕಡೆಯ ನಾಡು ಮುಂಬಯಿ ಸರಕಾರವನ್ನು ಬಿಟ್ಟು ಮೈಸೂರಿಗೆ ಸೇರಿ ಆಗ ಒಂದೆರಡು ಮಳೆಗಾಲ ಕಳೆದಿದ್ದವು ಅಷ್ಟೆ.

ಗಂಡನ ಮನೆಗೆ ಬಂದ ದಿನ ಗುಡ್ಡದ ಬುಡದಲ್ಲಿ ನಿಂತು ತಲೆ ಎತ್ತಿದೆ. ಯಾರೋ ಗುಡ್ಡಕ್ಕೇ ಪಾವಟಿಗೆ ಕಡಿದ ಹಾಗೆ ಬುಡದಿಂದ ನೆತ್ತಿಯ ತನಕ ಒಂದರ ಮೇಲೊಂದು ಗದ್ದೆ. ಕೆಲವು ಒಂದು ಜೋಡಿ ಎತ್ತು ತಿರುಗುವಷ್ಟು ಅಗಲ, ಕೆಲವು ಬರೀ ಮಂಚದಷ್ಟು. ಪ್ರತಿ ಗದ್ದೆಯ ಅಂಚಿಗೂ ಆಳೆತ್ತರದ ಕಲ್ಲಿನ ಒಡ್ಡು. ಗಾರೆ ಇಲ್ಲ, ಕಲ್ಲಿಗೆ ಕಲ್ಲು ಕಚ್ಚಿ ನಿಂತದ್ದು. ನೆತ್ತಿಯ ಮೇಲೊಂದು ಹೊಂಡ. ಅದರ ಒಡ್ಡಿನಲ್ಲಿದ್ದ ತೂಬಿನಿಂದ ನೀರು ಮೊದಲ ಗದ್ದೆಗೆ ಬೀಳುತ್ತಿತ್ತು, ಅಲ್ಲಿಂದ ಮುಂದಿನದಕ್ಕೆ, ಹಾಗೆ ಇಳಿಯುತ್ತ ಇಳಿಯುತ್ತ ಊರ ಬಾಗಿಲಿಗೆ ಬರುತ್ತಿತ್ತು. ಸುತ್ತಲಿನ ಹೊಲಗಳಲ್ಲಿ ಕೂರಿಗೆಯಿಂದ ಭತ್ತ ಬಿತ್ತಿದರೆ ಇಲ್ಲಿ ಸಸಿ ಬೆಳೆಸಿ, ಕಿತ್ತು, ಕೆಸರಿನಲ್ಲಿ ಹಚ್ಚುತ್ತಿದ್ದರು. ಕಟ್ಟಿದವರು ಯಾರು ಎಂದರೆ "ನಮ್ಮವರ" ಎನ್ನುತ್ತಿದ್ದರು. ಯಾವಾಗ ಎಂದರೆ ಯಾರಿಗೂ ಗೊತ್ತಿಲ್ಲ. ಹಾನಗಲ್ಲಿನ ಕಲ್ಲುಗುಡಿಗಿಂತ ಇದು ಹಳೆಯದು ಎಂಬುದು ಊರ ಮುದುಕರ ಹಟ.

ಗಂಡ ಮಾಲತೇಶ ಸಮಾಧಾನದ ಮನುಷ್ಯ, ಮೈದುನ ಗುಡ್ಡಪ್ಪ ಬೆಂಕಿ. ಇಬ್ಬರನ್ನೂ ಹಿಡಿತದಲ್ಲಿ ಇಟ್ಟವಳು ಅತ್ತೆ ಫಕ್ಕೀರವ್ವ. ಮಾತು ಕಡಿಮೆ, ಕೈ ಬಿರುಸು. ಹೊಸತರಲ್ಲಿ ಒಮ್ಮೆ ನಾನು ಒಡ್ಡಿನ ಮೇಲೆ ಕುಂತು ಏಳುವಾಗ ಒಂದು ಕಲ್ಲು ಉರುಳಿಸಿದೆ. ಬೆನ್ನ ಮೇಲೆ ಧಡ್ ಎಂದು ಏಟು ಬಿತ್ತು.

"ಇದು ನಿಮ್ಮ ಮಾಸೂರ ಬದು ಅಲ್ಲ. ಈ ಕಲ್ಲ ಹೊತ್ತ ಹೊತ್ತ ನಮ್ಮ ಮಂದಿ ಸತ್ತಾರ. ಹೋಗು, ಎತ್ತಿಕೊಂಡ ಬಾ."

ಎದೆಗವಚಿಕೊಂಡು ಹೊತ್ತು ತಂದಿಟ್ಟೆ. ಆಮೇಲೆ ಒಂದು ಮಾತಿಲ್ಲದೆ ನನ್ನ ಬೆನ್ನಿಗೆ ಎಣ್ಣೆ ಹಚ್ಚಿದವಳೂ ಅವಳೇ.

ಕಾಗದದಲ್ಲಿ ಆ ಗದ್ದೆಗಳು ನಮ್ಮವಲ್ಲ. ಎಂದೋ ಸವಣೂರ ನವಾಬರ ಕಾಲದಲ್ಲಿ ಇನಾಮಾಗಿ ಹೋಗಿ, ಶಿಗ್ಗಾಂವಿ ಕಡೆಯ ಒಂದು ವಾಡೆಯ ಧಣಿಯ ಹೆಸರಿನಲ್ಲಿದ್ದವು. ನಾವು ಪಾಲು ಅಳೆದು ಕೊಟ್ಟು ಉಳುತ್ತಿದ್ದೆವು. ಉಳುವವರಿಗೇ ಹೊಲ ಎಂಬ ಕಾಯ್ದೆಯ ಮಾತು ಆಗ ಸಂತೆ ಸಂತೆಯಲ್ಲೂ ಹಬ್ಬಿತ್ತು. ಧಣಿ ತಾನೇ ಉಳುತ್ತಿದ್ದೇನೆಂದು ತೋರಿಸಿದರೆ ಹೊಲ ಅವನಿಗೇ ಉಳಿಯುತ್ತದೆ ಎಂಬ ಮಾತೂ ಅದರ ಬೆನ್ನಿಗೇ ಬಂತು. ಹೀಗಾಗಿ ಧಣಿಗೆ ಸಾಕ್ಷಿಯಾಗಿ ಆ ವರ್ಷ ನಮ್ಮ ಗುಡ್ಡದ ಮೇಲೆ ತನ್ನ ಆಳುಗಳು ಹಚ್ಚಿದ ಪೈರು ಬೇಕಾಗಿತ್ತು. ನಮಗೂ ಅಷ್ಟೇ, ನಾವು ಹಚ್ಚಿದ ಪೈರು ನಿಂತಿರಬೇಕಾಗಿತ್ತು.

ಪುನರ್ವಸು ಮಳೆ ಬಿಡುವಿಲ್ಲದೆ ಹೊಡೆಯುತ್ತಿತ್ತು. ಬೆಳಿಗ್ಗೆ ಸಸಿ ಕಿತ್ತು ಕಟ್ಟು ಕಟ್ಟುತ್ತಿದ್ದೆವು. ಗುಡ್ಡದ ಬುಡಕ್ಕೆ ಗಾಡಿಗಳು ಬಂದು ನಿಂತವು. ಮುಂದೆ ಧಣಿಯ ಮುಕಾದಮ ರುದ್ರಗೌಡ, ಅವನ ಹಿಂದೆ ಬಡಿಗೆ ಹಿಡಿದ ಗಂಡಾಳುಗಳು, ಅವರ ಹಿಂದೆ ತಲೆ ಮೇಲೆ ಗೋಣಿ ಹಾಕಿಕೊಂಡ ಬಯಲುಸೀಮೆಯ ಕೂಲಿ ಹೆಂಗಸರು. ಮುಕಾದಮ ಕೆಳಗಿನಿಂದಲೇ ಕೂಗಿದ.

"ಗದ್ದಿ ಬಿಟ್ಟ ಇಳೀರಿ. ಈ ಸಲ ಧಣ್ಯಾರು ತಾವ ಮಾಡ್ತಾರ."

"ಅವರು ಮಾಡೂದಾದರ ಅವರ ಬರ್ಲಿ. ಕೆಸರಾಗ ಇಳೀಲಿ ನೋಡೂಣು" ಎಂದಳು ಅತ್ತೆ.

ಅಷ್ಟರಲ್ಲಿ ಗುಡ್ಡಪ್ಪ ಸಲಿಕೆ ಎತ್ತಿಕೊಂಡು ಮೇಲಿನ ಪಾವಟಿಗೆಯಿಂದ ಹಾರಿದ. ಕಂಬಳಿ ಹೊದ್ದ ದೊಡ್ಡ ದೇಹದವನೊಬ್ಬ ಮುಂದೆ ಬಂದು ಆ ಕೈಯನ್ನು ಗಾಳಿಯಲ್ಲೇ ಹಿಡಿದು ತಿರುವಿದ. ಹಸಿ ಜೋಳದ ದಂಟು ಮುರಿದಂಥ ಸದ್ದು ನನಗೆ ಮೂರು ಗದ್ದೆ ಆಚೆಗೆ ಕೇಳಿಸಿತು. ಗುಡ್ಡಪ್ಪ ಚೀರಿದ.

ಆಮೇಲೆ ಗುಡ್ಡದ ಮೇಲೆ ಮಾತು ಉಳಿಯಲಿಲ್ಲ. ಬಡಿಗೆ, ಕಲ್ಲು, ಸಸಿಯ ಕಟ್ಟು, ಯಾರ ಕೈಗೆ ಏನು ಸಿಕ್ಕಿತೋ ಅದು. ಹೆಂಗಸರು ಹೆಂಗಸರ ತುರುಬಿಗೆ ಕೈ ಹಾಕಿ ಕೆಸರಿನಲ್ಲಿ ಹೊರಳಾಡಿದರು. ಒಬ್ಬ ನನ್ನ ಗಂಡನ ಕೂದಲು ಹಿಡಿದು ಒಡ್ಡಿನ ಕಲ್ಲಿಗೆ ತಲೆ ಜಜ್ಜಿದ. ರಕ್ತ ಗದ್ದೆಯ ನೀರಿನಲ್ಲಿ ಕೆಂಪು ಗೆರೆಯಾಗಿ ಹರಿಯಿತು. ನಾನು ಅವನ ಮುಂಗೈಯನ್ನು ಬಾಯಲ್ಲಿ ಹಿಡಿದೆ. ಬಾಯಿ ತುಂಬ ಕೆಸರು, ಕೂದಲು, ಉಪ್ಪುಪ್ಪು ರಕ್ತ. ಅವನು ಇನ್ನೊಂದು ಕೈಯಿಂದ ಕೆನ್ನೆಗೆ ಗುದ್ದಿದ. ಹಲ್ಲು ಅಲುಗಿದವು, ಬಿಡಲಿಲ್ಲ. ಮತ್ತೆ ಗುದ್ದಲು ಕೈ ಎತ್ತಿದಾಗ ಯಾರೋ ಅವನನ್ನು ಹಿಂದಿನಿಂದ ಎತ್ತಿ ಆಚೆ ಒಗೆದರು.

"ಮುಟ್ಟಬ್ಯಾಡಲೇ ಆಕಿನ್ನ! ನನ್ನ ತಂಗಿ ಆಕಿ!"

ತಲೆಯೆತ್ತಿ ನೋಡಿದೆ. ಗುಡ್ಡಪ್ಪನ ಕೈ ಮುರಿದವನು ನನ್ನ ಅಣ್ಣ ಈರಣ್ಣ.

ಅಷ್ಟು ಹೊತ್ತಿಗೆ ನಮ್ಮವರೆಲ್ಲ ನೆಲ ಹಿಡಿದಿದ್ದರು. ಹೊಡೆದಾಟ ತಾನಾಗಿ ನಿಂತಿತು. ನಾನು ಒಡ್ಡಿಗೆ ಆತು ಕೂತು ಉಗುಳುತ್ತಿದ್ದೆ. ಅಣ್ಣ ಎದುರಿಗೆ ಕುಕ್ಕರಗಾಲಲ್ಲಿ ಕೂತ.

"ನೀ ಯಾಕ ಬಂದಿ? ಇದು ನನ್ನ ಮನಿ ಅಂತ ಗೊತ್ತಿರಲಿಲ್ಲೇನು?"

"ಗೊತ್ತಿದ್ದ ಬಂದೇನಿ. ನಾ ಇದ್ದರ ಭಾಳ ಆಗಂಗಿಲ್ಲ, ನಿನ್ನ ಗಂಡನ ಜೀವಕ್ಕ ಕಾವಲ ಇರ್ತೇನಿ ಅಂತ ಬಂದೇನಿ."

"ಗುಡ್ಡಪ್ಪನ ಕೈ ಮುರದಿ."

"ಸಲಿಕಿ ನನ್ನ ನೆತ್ತಿಗೆ ಬರಾಕತ್ತಿತ್ತು. ಏನ ಮಾಡಬೇಕಾಗಿತ್ತು?"

"ತಿರುಗಿ ಹೋಗಣ್ಣ. ಅವ್ವನ ಆಣಿ ಐತಿ."

ಅವನು ತನ್ನ ಕೈಗಳನ್ನೇ ನೋಡಿಕೊಂಡ. "ನಮ್ಮ ಗರಡಿಗೆ ಹಾಲು ಬರೋದು, ಬದಾಮ ಬರೋದು ಆ ವಾಡೇದಿಂದ ಗಿರಿಜಾ. ಮೀಸಿ ಬರೋಕಿಂತ ಮೊದಲಿಂದ ಕುಡದೇನಿ. ಈಗ ಹೆಂಗ ಬೆನ್ನ ತೋರಸ್ಲಿ?"

ಧಣಿಯ ಆಳುಗಳು ಗುಡ್ಡದ ಮೇಲಿದ್ದ ಕೊಟ್ಟಿಗೆಯಲ್ಲೇ ಠಾಣ್ಯ ಹೂಡಿದರು. ನಾವು ಬೆಳೆಸಿದ ಸಸಿಯನ್ನು ಕಿತ್ತು ಕೆಸರಿಗೆ ತುಳಿದರು, ತಾವು ತಂದ ಸಸಿ ಹಚ್ಚಿದರು. ಮೂಳೆ ಕೂಡಲೆಂದು ಗುಡ್ಡಪ್ಪನ ಕೈಗೆ ಬಿದಿರ ಸಿಗಳು ಕಟ್ಟಿದ್ದರು, ಅವನು ಗೋಡೆ ಕಡೆ ಮುಖ ಮಾಡಿ ಮಲಗಿರುತ್ತಿದ್ದ. ನನ್ನ ಗಂಡ ತಲೆಗೆ ಅರಿವೆ ಸುತ್ತಿಕೊಂಡು ಹಾನಗಲ್ಲಿಗೆ ನಡೆದುಹೋಗಿ ಕಚೇರಿಯ ಮುಂದೆ ಇಡೀ ದಿನ ನಿಂತು ಬಂದ. ಮಳೆ ಕಡಿಮೆಯಾದ ಮೇಲೆ ನೋಡೋಣ ಎಂದರಂತೆ. ಒಂದು ಸಂಜೆ ಅಣ್ಣ ನಮ್ಮ ಬಾಗಿಲಿಗೆ ಬಂದು ಗಾಯಕ್ಕೆಂದು ಅರಿಷಿಣದ ಗಂಟು ಇಟ್ಟುಹೋದ. ಅತ್ತೆ ಅದನ್ನು ಕಾಲಿನಿಂದಲೇ ಅಂಗಳಕ್ಕೆ ತಳ್ಳಿದಳು. ಮಳೆಗೆ ಅಂಗಳವೆಲ್ಲ ಹಳದಿಯಾಯಿತು.

ದಿನಾ ಮುಂಜಾನೆ ಅತ್ತೆ ಹೊಸ್ತಿಲಲ್ಲಿ ನಿಂತು ಗುಡ್ಡ ನೋಡುತ್ತಿದ್ದಳು. ಪರರ ಹಸಿರು ಪಾವಟಿಗೆ ಪಾವಟಿಗೆಯಾಗಿ ಮೇಲೇರುತ್ತಿತ್ತು. ಮೇಲಿನ ಎರಡು ಗದ್ದೆ ಉಳಿದಿದ್ದ ದಿನ ಅವಳು ಬಾಗಿಲ ಹಿಂದಿದ್ದ ಕಬ್ಬಿಣದ ಹಾರೆ ಎತ್ತಿಕೊಂಡಳು.

"ಎಲ್ಲಿಗ್ರೀ ಅತ್ತಿ?"

"ಮ್ಯಾಲ."

ಪುಷ್ಯ ಮಳೆ. ಹತ್ತು ಮಾರು ಆಚೆ ಕಾಣುತ್ತಿರಲಿಲ್ಲ. ಬೆನ್ನು ಹತ್ತಿದೆ. ಗದ್ದೆಗಳ ದಾರಿ ಬಿಟ್ಟು ಮಗ್ಗುಲಿನ ಕುರುಚಲು ಕಾಡಿನಲ್ಲಿ ಹತ್ತಿ ಹೊಂಡದ ಒಡ್ಡಿಗೆ ಬಂದಳು. ಹೊಂಡ ಅಂಚಿಗೆ ತುಂಬಿ ನಿಂತಿತ್ತು, ಕಲ್ಲುಗಳ ನಡುವಿನಿಂದ ನೀರು ಪಿಚಕಾರಿ ಹೊಡೆದಂತೆ ಚಿಮ್ಮುತ್ತಿತ್ತು. ಅತ್ತೆ ಒಡ್ಡಿನ ಕಲ್ಲಿನ ಮೇಲೆ ಅಂಗೈ ಇಟ್ಟಳು.

"ತೂಬಿನ ಬಾಯಿ ಕಿತ್ತ ಬಿಡ್ತೇನಿ. ಅವರು ಹಚ್ಚಿದ್ದೆಲ್ಲಾ ತೊಳಕೊಂಡ ಹೋಗ್ಲಿ. ಈ ವರ್ಷ ಈ ಗುಡ್ಡದಾಗ ಯಾರ ಪೈರೂ ನಿಲ್ಲಬಾರದು."

"ಒಡ್ಡು ನಿಮ್ಮ ಹಿರೇರು ಕಟ್ಟಿದ್ದ್ರಿ."

"ನಮ್ಮ ಹಿರೇರು ಕಟ್ಟಿದ್ದ. ಅದಕ್ಕ ನಾನ ಕೀಳಬೇಕು, ಬ್ಯಾರೆ ಯಾರು ಕೀಳಬೇಕು?"

"ಕೆಳಗ ಮಂದಿ ಅದಾರ. ನಮ್ಮಣ್ಣ ಅದಾನ್ರಿ!"

ಆಗ ಅವಳು ನನ್ನ ಮುಖ ನೋಡಿದಳು. "ಓಡು. ಎಲ್ಲಾರ್ನೂ ಮಗ್ಗಲಕ್ಕ ಸರಸು. ಸರಿಸಿ ಸೆರಗ ಬೀಸು. ಅಲ್ಲೀತನಕ ನಾ ಕಲ್ಲಿಗೆ ಕೈ ಹಚ್ಚಂಗಿಲ್ಲ. ಪೈರಿನ ಮ್ಯಾಲ ಸಿಟ್ಟು ನಂದು, ಜೀವದ ಮ್ಯಾಲ ಅಲ್ಲ."

ಜಾರಿ, ಎದ್ದು, ಮತ್ತೆ ಜಾರಿ ಇಳಿದೆ. ಎರಡನೆಯ ಪಾವಟಿಗೆಯಲ್ಲಿ ಹೆಂಗಸರು ಸಾಲಾಗಿ ಬಾಗಿ ಸಸಿ ಹಚ್ಚುತ್ತಿದ್ದರು. ಅಣ್ಣ ಗದ್ದೆಯ ನಡುವೆ ನಿಂತು ಸಸಿಯ ಕಟ್ಟು ಎಸೆಯುತ್ತಿದ್ದ.

"ಅಣ್ಣಾ, ಮ್ಯಾಲಿಂದ ನೀರ ಬಿಡಾಕತ್ತಾರ. ಎಲ್ಲಾರ್ನೂ ಎಬ್ಬಿಸು!"

ಅವನು ನಕ್ಕ. "ಹೆಂಗಸರ್ನ ಕಳಿಸಿ ಹೆದರಸ್ತಾರ ಅಂತ ಗೌಡ ಮೊದಲ ಹೇಳಿದ್ದ."

"ನನ್ನ ಮಾರಿ ನೋಡೋ! ಎಂದಾರ ನಿನಗ ಸುಳ್ಳ ಹೇಳೇನೇನು?"

ನೋಡಿದ. ನಗು ಹೋಯಿತು. "ಏಳ್ರಿ! ಎಲ್ಲಾರೂ ಏಳ್ರಿ! ಆ ಮತ್ತಿ ಮರದ ಕಡೆ ನಡೀರಿ!" ಎಂದು ಗರ್ಜಿಸಿದ. ಹೆಂಗಸರು ಸೀರೆ ಎತ್ತಿಕೊಂಡು ಓಡಿದರು. ನಾನೂ ಓಡಿದೆ. ಹಗುರ ಮೈಯವರನ್ನು ಕೆಸರು ಬಿಟ್ಟಿತು. ಅಣ್ಣನದು ಪೈಲ್ವಾನನ ಮೈ. ಗದ್ದೆಯ ನಡುವಿನ ಹುದುಲಿನಲ್ಲಿ ಮೊಣಕಾಲ ತನಕ ಹೂತಿದ್ದ. ಒಂದು ಕಾಲು ಕಿತ್ತರೆ ಇನ್ನೊಂದು ಇಳಿಯುತ್ತಿತ್ತು.

ನಾನಿನ್ನೂ ಸೆರಗಿಗೆ ಕೈ ಹಾಕಿರಲಿಲ್ಲ. ಮೇಲೆ ಸದ್ದಾಯಿತು. ನೀರಿನ ಸದ್ದಲ್ಲ, ಗುಡ್ಡ ಹೊಟ್ಟೆಯೊಳಗಿನಿಂದ ಹೂಂಕರಿಸಿದ ಹಾಗೆ. ಹೊಂಡದ ಒಡ್ಡು ನಡುವೆ ಉಬ್ಬಿತು, ಬಾಯಿ ಬಿಟ್ಟಿತು. ಕಲ್ಲು, ನೀರು, ಮಣ್ಣು ಒಂದೇ ಆಗಿ ಮೊದಲ ಪಾವಟಿಗೆಯ ಮೇಲೆ ಬಿದ್ದವು. ಅದರ ಒಡ್ಡು ಕಿತ್ತು ಎರಡನೆಯದರ ಮೇಲೆ ಬಿತ್ತು. "ಗಿರಿಜಾ, ಮರ ಹಿಡಕೋ!" ಎಂದ ಅಣ್ಣ. ಮರ ಹಿಡಿದುಕೊಂಡು ತಿರುಗಿದಾಗ ಅವನು ನಿಂತಿದ್ದ ಜಾಗದಲ್ಲಿ ಕಲ್ಲುಗಳು ಹೊರಳುತ್ತಿದ್ದವು.

ಅತ್ತೆ ಸಾಯುವ ತನಕ ಹೇಳುತ್ತಿದ್ದಳು, ಹಾರೆಯನ್ನು ಸಂದಿಗೆ ಇಟ್ಟು ತಯಾರಾಗಿದ್ದೆ ಅಷ್ಟೇ, ಮೀಟಲಿಲ್ಲ, ವಾರಗಟ್ಟಲೆ ನೀರು ಕುಡಿದಿದ್ದ ಒಡ್ಡು ತಾನೇ ಜಾರಿತು ಎಂದು. ನಾನು ನಂಬಿದೆ. ನಂಬದ ದಿನಗಳೂ ಇದ್ದವು.

ಅದುವರೆಗೆ ಹೊಡೆದಾಡಿಕೊಂಡವರೆಲ್ಲ ಸೇರಿ ಅಗೆದೆವು. ಗರಡಿಯ ಹುಡುಗರು ಕಲ್ಲು ಎತ್ತಿದರು. ತಲೆಗೆ ಅರಿವೆ ಸುತ್ತಿದ ನನ್ನ ಗಂಡ, ಮುರಿದ ಕೈಯನ್ನು ಎದೆಗೆ ಕಟ್ಟಿಕೊಂಡ ಗುಡ್ಡಪ್ಪ, ಕೂಲಿ ಹೆಂಗಸರು, ಮುಕಾದಮ. ನಾನು ಬರಿಗೈಯಿಂದ ಕೆದರಿದೆ. ಉಗುರು ಕಿತ್ತುಹೋದದ್ದು ಆಮೇಲೆ ತಿಳಿಯಿತು. ಮೊದಲು ಭುಜ ಸಿಕ್ಕಿತು, ಆಮೇಲೆ ಮುಖ. ಬಾಯಿ ತುಂಬ ಕೆಸರು. ಬೆರಳು ಹಾಕಿ ತೆಗೆದೆ, ಸೆರಗಿನಿಂದ ಒರೆಸಿದೆ, ಮತ್ತೆ ಕೆಸರು ಬಂತು. ಗಂಡ ನನ್ನ ಕೈ ಹಿಡಿದು ನಿಲ್ಲಿಸಿದ. ತನ್ನ ತೊಯ್ದ ಕಂಬಳಿ ತೆಗೆದು ಅಣ್ಣನನ್ನು ಸುತ್ತಿದ. ಮೇಲೆ ಅತ್ತೆ ಸಿಕ್ಕಳು, ಮೊಣಕಾಲು ಕಲ್ಲಿನ ಕೆಳಗೆ ನುಚ್ಚಾಗಿ, ಜೀವಂತ.

ಹಾನಗಲ್ಲಿನಿಂದ ಫೌಜದಾರ ಬಂದ. ಒಡ್ಡು ಮಳೆಗೆ ಬಿತ್ತು ಎಂದು ಊರೆಲ್ಲ ಒಂದೇ ಮಾತು ಹೇಳಿತು. ಮುಕಾದಮನೂ ಹಾಗೇ ಅಂದ, ಬಡಿಗೆ ಹಿಡಿದು ಬಂದದ್ದನ್ನು ಅವನೂ ಹೇಳುವಂತಿರಲಿಲ್ಲ. ಸತ್ತವನ ಮನೆಯವರ ಮಾತೂ ಬೇಕು, ಮಾಸೂರಿಗೆ ಬರುತ್ತೇನೆ ಎಂದ ಫೌಜದಾರ. ಹೆಣದ ಜೊತೆ ಗಾಡಿಯಲ್ಲಿ ನಾನು ಕೂತೆ. ಹಂಸಭಾವಿ ದಾಟುವ ತನಕ ಮಳೆ ಬಿಡಲಿಲ್ಲ.

ಅವ್ವ ಅಂಗಳದಲ್ಲೇ ಇದ್ದಳು. ಕಂಬಳಿ ಸರಿಸಿ ನೋಡಿದಳು. ಅಳಲಿಲ್ಲ.

"ಹೆಂಗ ಸತ್ತ?"

"ಒಡ್ಡು ಬಿತ್ತವ್ವ."

"ಬಿತ್ತೋ, ಕೆಡವಿದರೋ?"

ಅವಳ ಮುಂದೆ ಸುಳ್ಳಿಗೆ ನನ್ನ ನಾಲಿಗೆ ಹೊರಳಲಿಲ್ಲ. ಹಾರೆ, ಸೆರಗು, ಅತ್ತೆ ಕೊಟ್ಟ ಮಾತು, ಗುಡ್ಡಪ್ಪನ ಕೈ, ಎಲ್ಲ ಹೇಳಿದೆ. ಅವ್ವ ಕೇಳಿಸಿಕೊಂಡು ಎದ್ದು ನೀರು ಕಾಯಿಸಲು ಹೋದಳು.

ಮಣ್ಣು ಮಾಡಿದ ಮಾರನೆಯ ದಿನ ಫೌಜದಾರ ಬಂದ. ಅವ್ವ ಸೆರಗು ಹೊದ್ದು ನಿಂತು, "ಮಳಿ ಒಯ್ತರಿ ನನ್ನ ಮಗನ್ನ. ಯಾರ ಮ್ಯಾಲೂ ನನ್ನ ಫಿರ್ಯಾದಿ ಇಲ್ಲ" ಎಂದಳು. ನಾನು ಕಂಬಕ್ಕೆ ಒರಗಿದೆ. ಅವನು ಹೋದ ಮೇಲೆ ಅವ್ವ ನನ್ನ ಕಡೆ ತಿರುಗಿದಳು.

"ನಿನಗ ಉಪಕಾರ ಮಾಡೇನಿ ಅಂತ ತಿಳೀಬ್ಯಾಡ. ಜೇಲಿಗೆ ಹೋದರ ನಿಮ್ಮತ್ತಿ ಸರಕಾರದ ಅನ್ನ ಉಂಡು ಆರಾಮ ಇರ್ತಾಳ. ಆಕಿ ನನಗ ಇಲ್ಲಿ ಬೇಕು. ಕರಸು."

ಕಾಲಿಗೆ ಸಿಗಳು ಕಟ್ಟಿಸಿಕೊಂಡ ಅತ್ತೆ ಗಾಡಿಯಲ್ಲಿ ಬಂದಳು. ಬರಬೇಡ ಎಂದ ಮಗನ ಮಾತು ಕೇಳಲಿಲ್ಲ. ಓಣಿಯೆಲ್ಲ ನೆರೆದಿತ್ತು. ಅತ್ತೆ ಬಡಿಗೆ ಊರಿ ಒಂಟಿ ಕಾಲಲ್ಲಿ ನಮ್ಮ ಬಾಗಿಲ ಮುಂದೆ ನಿಂತಳು. ಅವ್ವ ಗಾಡಿಯವನ ಕೈಯಲ್ಲಿದ್ದ ಬಾರಕೋಲು ಕಸಿದು ಹೊಡೆಯತೊಡಗಿದಳು. ಹೆಗಲಿಗೆ, ಬೆನ್ನಿಗೆ, ಕೈಗೆ. ಒಂದು ಏಟು ಮುಖಕ್ಕೂ ಬಿತ್ತು. ಕುಪ್ಪಸ ಹರಿದು ರಕ್ತ ಜಿನುಗಿತು. ಅತ್ತೆ ಮುಖಕ್ಕೆ ಕೈ ಅಡ್ಡ ತರಲಿಲ್ಲ. ನನ್ನ ಗಂಡ ಮುಂದೆ ಬಂದಾಗ ಮಾತ್ರ ಬಾಯಿ ಬಿಟ್ಟಳು: "ಮಾಲತೇಶಾ, ಅಲ್ಲೇ ನಿಂದರು." ಅವ್ವನ ಕೈ ಸೋತು ಬಾರಕೋಲು ತಾನಾಗಿ ಬೀಳುವ ತನಕ ಯಾರೂ ಅಲುಗಲಿಲ್ಲ. ಆಗ ಅವ್ವ ಅತ್ತಳು. ಅಳುತ್ತಲೇ ನನ್ನನ್ನು ಹೆಗಲು ಹಿಡಿದು ಗಾಡಿಯ ಕಡೆ ನೂಕಿದಳು.

"ಈಕಿನ್ನೂ ಕರಕೊಂಡ ಹೋಗು. ಇನ್ನ ಈಕಿನೂ ನನ್ನ ಬಾಗಲಾ ತುಳೀಬಾರದು. ನನಗ ಇದ್ದ ಇಬ್ಬರೂ ಮಕ್ಕಳು ಆ ಗುಡ್ಡದಾಗ ಹೋದರು."

ತಿರುಗಿ ಬರುವಾಗ ದಾರಿಯುದ್ದಕ್ಕೂ ಅತ್ತೆಯ ಬೆನ್ನಿನ ಗಾಯಗಳನ್ನು ಒರೆಸುತ್ತ ಬಂದೆ. ಒಂದು ಕ್ಷಣ ಕೈ ಮೆತ್ತಗಿರುತ್ತಿತ್ತು, ಇನ್ನೊಂದು ಕ್ಷಣ ಒತ್ತಿ ಒರೆಸುತ್ತ ಇರುತ್ತಿದ್ದೆ.

ಆ ವರ್ಷ ಗುಡ್ಡದ ಮೇಲೆ ಯಾರ ಪೈರೂ ನಿಲ್ಲಲಿಲ್ಲ. ಮೇಲಿನಿಂದ ಕೆಳಗಿನ ತನಕ ಕೆಂಪು ಗಾಯದ ಹಾಗೆ ಒಂದು ಹರಕು. ಬಯಲಿನವರು ಯಾರೂ ಆ ಗುಡ್ಡಕ್ಕೆ ಕೂಲಿಗೆ ಬರಲು ಒಪ್ಪದ್ದರಿಂದ ಧಣಿಗೆ ಮತ್ತೆ ಆಳು ಕಳಿಸಲಾಗಲಿಲ್ಲ. ನಾವು ಗೆಡ್ಡೆ ಗೆಣಸು, ಸಾವೆ ತಿಂದು ದಿನ ನೂಕುತ್ತ ಎರಡು ಬೇಸಿಗೆ ಕಲ್ಲು ಹೊತ್ತೆವು. ಅಣ್ಣನ ಮೇಲೆ ಬಿದ್ದಿದ್ದ ಕಲ್ಲುಗಳನ್ನೂ ಹೊತ್ತು ಒಡ್ಡಿಗೆ ಇಟ್ಟೆ, ಬೇರೆ ಕಲ್ಲು ಎಲ್ಲಿತ್ತು? ಅತ್ತೆ ನೆಲದ ಮೇಲೆ ತೆವಳುತ್ತ, ಒಂದೊಂದೇ ಕಲ್ಲನ್ನು ಮುಂದೆ ಮುಂದೆ ನೂಕುತ್ತ ತರುತ್ತಿದ್ದಳು. ಬ್ಯಾಡ್ರಿ ಎಂದು ನಾನು ಒಮ್ಮೆಯೂ ಹೇಳಲಿಲ್ಲ. ಕಾಲ ಸರಿದ ಮೇಲೆ ಆ ಕಾಯ್ದೆಯಿಂದಲೇ ಗದ್ದೆ ನಮ್ಮ ಹೆಸರಿಗೆ ಆಯಿತು. ಆ ದಿನ ಮನೆಯಲ್ಲಿ ಯಾರೂ ಸಿಹಿ ಮಾಡಲಿಲ್ಲ.

ಅರವತ್ತರ ದಶಕ ಅರ್ಧ ದಾಟಿತ್ತು. ಕೊಯ್ಲಿನ ಕಾಲ. ಮೇಲಿನ ಗದ್ದೆಯಿಂದ ನೋಡಿದರೆ ಬುಡದಲ್ಲಿ ಗಾಡಿಯಿಂದ ಯಾರೋ ಇಳಿದು ಒಬ್ಬಳೇ ಹತ್ತಿ ಬರುತ್ತಿದ್ದಳು. ನಡಿಗೆಯಿಂದಲೇ ಗುರುತು ಸಿಕ್ಕಿತು. ಅವ್ವ. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಮನೆಯ ಕಡೆ ತಿರುಗದೆ ನೇರ ಗದ್ದೆಗೇ ಬಂದಳು.

"ಎಲ್ಲಿ?"

ಎರಡನೆಯ ಪಾವಟಿಗೆಯ ನಡುವನ್ನು ತೋರಿಸಿದೆ. ಅಲ್ಲಿ ಭತ್ತ ತೆನೆ ಬಾಗಿ ಹಣ್ಣಾಗಿ ನಿಂತಿತ್ತು. ಅವ್ವ ಬಹಳ ಹೊತ್ತು ನೋಡಿದಳು. ನಾವೆಲ್ಲ ಕುಡುಗೋಲು ಹಿಡಿದು ನಿಂತಲ್ಲೇ ನಿಂತೆವು. ಅತ್ತೆ ಒಡ್ಡಿಗೆ ಆತು ಕೂತಿದ್ದಳು. ಏಳಲು ಹೋಗಿ, ಆಗದೆ, ಅಲ್ಲೇ ತಲೆ ತಗ್ಗಿಸಿದಳು.

ಅವ್ವ ಅವಳ ಹತ್ತಿರ ಹೋಗಿ ಕೈ ಚಾಚಿದಳು. "ಕುಡಗೋಲ ಕೊಡ್ರಿ."

ಅತ್ತೆಯ ಕುಡುಗೋಲು ಹಿಡಿದು ಆ ಗದ್ದೆಗೆ ಇಳಿದಳು. ಹುಟ್ಟಿದಾಗಿನಿಂದ ಮಾಸೂರ ಗದ್ದೆಗಳಲ್ಲಿ ಕೊಯ್ದ ಕೈ. ಆದರೆ ಆ ದಿನದ ಕೊಯ್ಲು ಕೊಯ್ಲಾಗಿರಲಿಲ್ಲ. ತೆನೆಯ ಕುತ್ತಿಗೆ ಹಿಡಿದು ಬುಡಕ್ಕೆ ಹೊಡೆಯುತ್ತಿದ್ದಳು, ಭತ್ತ ಉದುರಿ ಹಾರುತ್ತಿತ್ತು, ಕೆಲವು ಕಡೆ ಬೇರು ಸಮೇತ ಎದ್ದು ಬರುತ್ತಿತ್ತು. ನಾನು ಪಕ್ಕದ ಸಾಲು ಹಿಡಿಯಲು ಇಳಿದೆ. "ಬರಬ್ಯಾಡ" ಎಂದಳು, ತಲೆ ಎತ್ತದೆ. ಗುಡ್ಡಪ್ಪ ಸೊಟ್ಟಗಾಗಿ ಕೂಡಿದ ಕೈಯಲ್ಲಿ ನೀರಿನ ತಂಬಿಗೆ ತಂದು ಬದುವಿನ ಮೇಲಿಟ್ಟ. ಆ ಕೈಯನ್ನು ಒಂದು ಗಳಿಗೆ ನೋಡಿ, ನೀರು ಕುಡಿದು, ಮತ್ತೆ ಬಾಗಿದಳು.

ಹೊತ್ತು ಇಳಿಯುವಾಗ ಆ ಪಾವಟಿಗೆ ಬೋಳಾಯಿತು. ಅವ್ವ ಮೇಲೆ ಬಂದು ಕುಡುಗೋಲನ್ನು ಅತ್ತೆಯ ಮುಂದೆ ಇಟ್ಟಳು. ಅತ್ತೆ ಏನೋ ಹೇಳಲು ಬಾಯಿ ತೆರೆದಳು. ಅವ್ವ ಕಾಯಲಿಲ್ಲ.

ನಾನು ಬುಡದ ತನಕ ಹಿಂದೆ ಹಿಂದೆ ಇಳಿದೆ. ಅವ್ವ ಎಲ್ಲೂ ತಿರುಗಿ ನೋಡಲಿಲ್ಲ. ಗಾಡಿ ಹತ್ತಿ ಕೂತು, ಸೀರೆಗೆ ಅಂಟಿದ ಹುಲ್ಲು ಕಿತ್ತುಕೊಳ್ಳುತ್ತ, ನನ್ನ ಮುಖ ನೋಡದೆ ಹೇಳಿದಳು.

"ಯುಗಾದಿಗೆ ಬಾ. ಒಬ್ಬಾಕಿನ ಬಾ."